‘ಯಾರ ಕೈ’ ಸಾಹೇಬರು

ಅವರು ರಿಟೈರ್ ಆಗುತ್ತಾರೆಂಬ ಸುದ್ದಿ ಬಂದ ದಿನ ನಮ್ಮ ಮ್ಯಾನೇಜರು ಕುರ್ಚಿಗೆ ಒರಗಿ ‘ಅಬ್ಬಾ’ ಎಂದರು. ಹೊಲಿಗೆ ಸಾಲಿನ ಹೆಂಗಸರು ‘ಅಯ್ಯೋ’ ಎಂದರು. ಎರಡರಲ್ಲಿ ಯಾವುದನ್ನು ಅನ್ನಬೇಕೆಂದು ತಿಳಿಯದೆ ನಾನು ಬಾತ್‌ರೂಮಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಆ ಬಾತ್‌ರೂಮಿಗೆ ಒಳಗಡೆಯಿಂದ ಚಿಲಕ ಬಂದದ್ದು, ನಲ್ಲಿಯಲ್ಲಿ ನೀರು ಬಂದದ್ದು ಎಲ್ಲ ಅವರ ದೆಸೆಯಿಂದಲೇ.

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಬೈಯುತ್ತಾರೆ. “ನನ್ ಎಸ್ರು ಯಾಕವ್ವ? ನಾನೇನು ಒಂದು ಗುಂಡಿ ಒಲ್ದಿದ್ದೀನಾ?” ಎನ್ನುವ ಮನುಷ್ಯ. ನಮ್ಮ ಗಾರ್ಮೆಂಟ್ಸಿನಲ್ಲಿ ಎಲ್ಲರ ಬಾಯಲ್ಲೂ ಅವರು ‘ಯಾರ ಕೈ ಸಾಹೇಬ್ರು’. ಯಾವ ವಸ್ತುವನ್ನು ಕೈಗೆತ್ತಿಕೊಂಡರೂ ಅವರ ಮೊದಲ ಪ್ರಶ್ನೆ ಒಂದೇ: “ಇದು ಯಾರ ಕೈ?” ಕಾಲರಾಗಲಿ, ಕಾಜವಾಗಲಿ, ಒದ್ದೆ ನೆಲವಾಗಲಿ, ಇದು ಯಾರ ಕೈ? ಮಿಷನ್ನಿನದು ಎಂದು ಯಾರಾದರೂ ಜಾಣತನ ಮಾಡಿದರೆ, “ಮಿಷನ್ನು ತಾನಾಗೇ ಒಲಿಯಾಕಿಲ್ಲ ಕಣವ್ವ, ಅದರಿಂದೆ ಒಂದು ಕೈ ಇದ್ದೇ ಇರ್ತದೆ” ಎನ್ನುತ್ತಿದ್ದರು.

ಅವರ ಕೆಲಸವೇನೆಂದು ಮೊದಲು ಹೇಳಿಬಿಡುತ್ತೇನೆ. ಕೊಳ್ಳೇಗಾಲದ ಹೊರವಲಯದಲ್ಲಿರುವ ನಮ್ಮ ಫ್ಯಾಕ್ಟರಿ ರೇಷ್ಮೆ ಕುರ್ತಾ ಹೊಲಿದು ಹೊರದೇಶಕ್ಕೆ ಕಳಿಸುತ್ತದೆ. ಅಲ್ಲಿನ ಕಂಪನಿಯವರು ಸುಮ್ಮನೆ ಕೊಳ್ಳುವುದಿಲ್ಲ. ನೂಲು ಎಲ್ಲಿಂದ ಬಂತು, ಬಣ್ಣದ ನೀರು ಎಲ್ಲಿಗೆ ಹೋಯಿತು, ಹೊಲಿದವರಿಗೆ ಕುಡಿಯುವ ನೀರು ಉಂಟೇ, ಹೊರಗೆ ಯಾರಿಂದಲಾದರೂ ಗುಟ್ಟಾಗಿ ಕೆಲಸ ಮಾಡಿಸುತ್ತಾರೆಯೇ, ಎಲ್ಲ ತಿಳಿಯಬೇಕು. ಅದನ್ನು ನೋಡಿ ವರದಿ ಬರೆಯಲು ಒಂದು ಸಂಸ್ಥೆಯಿಂದ ಬರುತ್ತಿದ್ದ ಆಡಿಟರು ಇವರು. ಆಡಿಟ್ಟಿಗೆ ಫ್ಯಾಕ್ಟರಿಯನ್ನು ಸಿಂಗರಿಸಿ ನಿಲ್ಲಿಸುವುದು ನನ್ನ ಕೆಲಸ. ಕಾಗದದ ಮೇಲೆ ನನ್ನ ಹುದ್ದೆಯ ಹೆಸರು ಕಾರ್ಮಿಕ ಕಲ್ಯಾಣ ಅಧಿಕಾರಿ. ನಿಜ ಹೇಳಬೇಕೆಂದರೆ ಬೇಲಿಯೇ ಎದ್ದು ಹೊಲ ಮೇಯುವ ಕೆಲಸ.

ಆ ಕೆಲಸದಲ್ಲಿ ನಾನು ನಿಸ್ಸೀಮಳು. ಆಡಿಟ್ಟಿನ ಹಿಂದಿನ ದಿನ ಔಷಧಿ ಪೆಟ್ಟಿಗೆ ತುಂಬಿಸುತ್ತಿದ್ದೆ, ಬೆಂಕಿ ಆರಿಸುವ ಸಿಲಿಂಡರಿನ ಧೂಳು ಒರೆಸುತ್ತಿದ್ದೆ, ಯಾರು ಏನು ಕೇಳಿದರೆ ಏನು ಹೇಳಬೇಕೆಂದು ಹೆಂಗಸರಿಗೆ ಮಗ್ಗಿ ಒಪ್ಪಿಸುವ ಹಾಗೆ ಬಾಯಿಪಾಠ ಮಾಡಿಸುತ್ತಿದ್ದೆ. ಮೊದಲೆಲ್ಲ ಬರುತ್ತಿದ್ದ ಆಡಿಟರುಗಳು ಎ.ಸಿ. ರೂಮಿನಲ್ಲಿ ಫೈಲು ನೋಡಿ, ಮಧ್ಯಾಹ್ನ ಬಿರಿಯಾನಿ ತಿಂದು, ಬಿಳಿಗಿರಿರಂಗನ ಬೆಟ್ಟಕ್ಕೆ ಕಾರು ಕೇಳಿ ಹೋಗಿಬಿಡುತ್ತಿದ್ದರು.

ಇವರು ಮೊದಲ ಸಲ ಬಂದಾಗ ಗೇಟಿನಲ್ಲಿ ಹೂಗುಚ್ಛ ಹಿಡಿದು ನಾನು ಕಾದೇ ಕಾದೆ. ಹತ್ತೂವರೆಯಾದರೂ ಆಸಾಮಿ ಪತ್ತೆಯಿಲ್ಲ. ಆಮೇಲೆ ನೋಡಿದರೆ ಯಳಂದೂರು ಬಸ್ಸಿನಲ್ಲಿ ಬಂದು, ಕೆಲಸದವರ ಜೊತೆ ಹಿಂದಿನ ಬಾಗಿಲಿನಿಂದ ಎಂಟೂವರೆಗೇ ಒಳಗೆ ಬಂದು, ನಲ್ಲಿಯ ಹತ್ತಿರ ನಿಂತಿದ್ದಾರೆ! ಕುಳ್ಳ ಆಳು, ಇಸ್ತ್ರಿ ಇಲ್ಲದ ಬಿಳಿ ಶರ್ಟು, ಹೆಗಲಲ್ಲಿ ಬಟ್ಟೆಯ ಚೀಲ. ಹೆಂಗಸರು ಕುಡಿಯುವ ನಲ್ಲಿಗೆ ಲೋಟ ಹಿಡಿದು, ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು ನನ್ನನ್ನು ನೋಡಿದರು.

“ನೀನು ಕುಡೀತೀಯಾ ಇದ?”

“ಕುಡೀತೀವಿ ಸಾ” ಎಂದೆ.

“ಸರಿ, ಕುಡಿ ಮತ್ತೆ.”

ಆ ನೀರನ್ನು ನಾನು ಅದುವರೆಗೆ ಬಾಯಿಗಿಟ್ಟವಳಲ್ಲ. ತುಕ್ಕಿನ ರುಚಿ. ನುಂಗಲಾರದೆ ನುಂಗಿದೆ. ಅವರು ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಅವತ್ತೇ ಔಷಧಿ ಪೆಟ್ಟಿಗೆಯ ಮರ್ಯಾದೆಯೂ ಹೋಯಿತು. ತುಂಬಿಸಿ ಬೀಗ ಹಾಕಿಟ್ಟಿದ್ದೆ, ಕೀಲಿ ಇದ್ದದ್ದು ಸ್ಟೋರಿನವನ ಜೇಬಿನಲ್ಲಿ, ಅವನು ಹೆಂಡತಿಯ ತವರಿಗೆ ಹೋಗಿದ್ದ. “ಬೆರಳಿಗೆ ಸೂಜಿ ನೆಟ್ರೆ ಅಂವ ಮಾವನ ಮನೇಲಿ ಉಂಡು ಬರೋಗಂಟ ಕಾಯ್ಬೇಕಾ ತಾಯಿ?” ಎಂದು ತಣ್ಣಗೆ ಕೇಳಿದರು. ಹೊಲಿಗೆ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮ ಕಾಫಿ ಮುಟ್ಟುತ್ತಿರಲಿಲ್ಲ. ತಂದಿದ್ದ ಮೊಸರನ್ನವನ್ನು ಹೆಂಗಸರ ನಡುವೆ ಕುಳಿತು ತಿನ್ನುತ್ತಿದ್ದರು. “ನಿಮ್ ಕಾಫಿ ಕುಡುದ್ರೆ ನಾಲ್ಗೆ ನಿಮ್ ಕಡೀಕೆ ತಿರೀಕತ್ತದೆ. ರಿಟೈರಾದ್ಮೇಲೆ ಕೊಡಿ, ಕುಡೀತೀನಿ” ಎನ್ನುತ್ತಿದ್ದರು. ನಮಗೆ ಬಟ್ಟೆ ಕೊಡುವ ಬಣ್ಣದ ಮನೆಗೆ ಒಮ್ಮೆ ಅವರೊಂದಿಗೆ ಹೋಗಿದ್ದೆ. ಮಾಲೀಕ ನೀರು ಶುದ್ಧಿ ಮಾಡುವ ಯಂತ್ರದ ಬಿಲ್ಲು, ಫೋಟೋ ಎಲ್ಲ ಹರಡಿಕೊಂಡು ಕೂತಿದ್ದ. ಇವರು ಅದನ್ನು ಬಿಟ್ಟು ಹಿಂದಿನ ಕಾಲುವೆಯ ಉದ್ದಕ್ಕೂ ನಡೆದು, ಕೆಳಗೆ ಪಾತ್ರೆ ತೊಳೆಯುತ್ತಿದ್ದ ಅಜ್ಜಿಯನ್ನು ಕೇಳಿದರು: “ಅವ್ವಾ, ಇವತ್ತು ಬಣ್ಣದ ಮನೇಲಿ ಯಾವ ಬಣ್ಣ ನಡೀತಾ ಅದೆ?” ಆಕೆ ತಲೆ ಎತ್ತದೆ, “ಬೆಳಿಗ್ಗೆ ಕೆಂಪು, ಈಗ ನೀಲಿ ಬತ್ತಾ ಅದೆ ಕಣಪ್ಪಾ” ಎಂದಳು. ಮಾಲೀಕನ ಫೈಲು ಅಲ್ಲೇ ಮುಚ್ಚಿತು. ಆರು ತಿಂಗಳಲ್ಲಿ ಆ ಯಂತ್ರ ನಿಜವಾಗಿ ಓಡತೊಡಗಿತು. ಈಗ ಕೇಳಿದರೆ ಅಜ್ಜಿಗೆ ಬಣ್ಣ ಹೇಳಲು ಬರುವುದಿಲ್ಲ.

ಇಷ್ಟಾದರೂ ಅವರ ಕಣ್ಣಿಗೆ ಬೀಳದ ಒಂದು ಗುಟ್ಟು ನಮ್ಮಲ್ಲಿತ್ತು. ಅದು ನನ್ನದೇ ಗುಟ್ಟು.

ಕುರ್ತಾದ ಅಂಚಿಗೆ ರೇಷ್ಮೆಯ ಕುಚ್ಚು ಹಾಕುತ್ತೇವೆ. ಅದು ಮಿಷನ್ನಿನಲ್ಲಿ ಆಗುವ ಕೆಲಸವಲ್ಲ, ಒಂದೊಂದನ್ನೂ ಕೈಯಲ್ಲೇ ಕಟ್ಟಬೇಕು. ಫಾರಂನಲ್ಲಿ ನಾವು ‘ಎಲ್ಲ ಕೆಲಸವೂ ಇದೇ ಸೂರಿನಡಿ’ ಎಂದು ಬರೆದಿದ್ದೆವು. ಕುಚ್ಚು ಆಗುತ್ತಿದ್ದದ್ದು ಮಾತ್ರ ಸತ್ತೇಗಾಲದಲ್ಲಿ, ನನ್ನ ಸ್ವಂತ ಅಕ್ಕನ ಮನೆಯ ಜಗಲಿಯ ಮೇಲೆ. ಅಕ್ಕನಿಗೆ ಹಾಸಿಗೆ ಹಿಡಿದ ಅತ್ತೆ, ಕಟ್ಟಿದ ಎರಡು ಹಸು. ಬಿಟ್ಟು ಫ್ಯಾಕ್ಟರಿಗೆ ಬರುವಂತಿಲ್ಲ. ಅವಳ ಬೀದಿಯ ಹದಿನಾಲ್ಕು ಹೆಂಗಸರದೂ ಅಂಥವೇ ಕಟ್ಟುಗಳು. ಒಬ್ಬ ಗುತ್ತಿಗೆದಾರ ನೂಲು ಕೊಟ್ಟು ಕುಚ್ಚು ತರುತ್ತಿದ್ದ, ನಡುವೆ ತನ್ನ ಪಾಲು ಚೆನ್ನಾಗಿಯೇ ಹಿಡಿಯುತ್ತಿದ್ದ. ಆ ಕೆಲಸ ಅವರಿಗೆ ಕೊಡಿಸಿದವಳು ನಾನೇ, ‘ಯಾರಾದ್ರೂ ಕೇಳಿದ್ರೆ ಏನೂ ಇಲ್ಲ ಅನ್ನಿ’ ಎಂದು ಬಾಯಿಪಾಠ ಮಾಡಿಸಿದವಳೂ ನಾನೇ.

ಡಜನ್ ಕುಚ್ಚಿಗೊಂದು ಕಟ್ಟು. ಕಟ್ಟಲು ಗುತ್ತಿಗೆದಾರ ರಬ್ಬರ್ ಬ್ಯಾಂಡ್ ಕೊಟ್ಟಿದ್ದ. ಅಕ್ಕ ಅದನ್ನು ಮುಟ್ಟುತ್ತಿರಲಿಲ್ಲ. “ಬಿಸ್ಲಿಗೆ ಅದು ರೇಷ್ಮೆಗೆ ಅಂಟ್ಕತ್ತದೆ ಕಣೇ” ಎಂದು ತೋಟದ ಬಾಳೆನಾರು ಸೀಳಿ, ನೆನೆಸಿ, ಹೂ ಕಟ್ಟುವ ಹಾಗೆಯೇ ಸುತ್ತಿ ಬಿಗಿಯುತ್ತಿದ್ದಳು. ಬೀದಿಯವರೆಲ್ಲ ಅದನ್ನೇ ಕಲಿತರು. ಆಡಿಟ್ ಇದ್ದಾಗ ಆ ನಾರನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಪಟ್ಟಿ ಹಾಕಿಸುವುದು ನನ್ನ ಸಿಂಗಾರದಲ್ಲಿ ಸೇರಿತ್ತು.

ಮೂರನೆಯ ಆಡಿಟ್ಟಿನಲ್ಲಿ ಒಂದು ಕಟ್ಟು ಕಣ್ತಪ್ಪಿ ಉಳಿದುಬಿಟ್ಟಿತು. ಪ್ಯಾಕಿಂಗ್ ಮೇಜಿನ ಮೂಲೆಯಲ್ಲಿದ್ದ ಅದನ್ನು ಸಾಹೇಬರು ಎತ್ತಿಕೊಂಡರು. ತಿರುಗಿಸಿ ನೋಡಿದರು. ಮೂಗಿಗೆ ಹಿಡಿದರು.

“ಇದು ಯಾರ ಕೈ?”

ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಮ್ಯಾನೇಜರು ಮುಂದೆ ನುಗ್ಗಿ, “ನಮ್ಮ ಪ್ಯಾಕಿಂಗ್ ಸೆಕ್ಷನ್ನೇ ಸಾರ್” ಎಂದರು.

“ಪ್ಯಾಕಿಂಗ್ ಸೆಕ್ಷನ್ನಲ್ಲಿ ಬಾಳೆ ಆಕಿದ್ದೀರಾ?”

ನಾನು ಬಾಯಿ ಹಾಕಿದೆ. “ನಾನೇ ಕಟ್ಟಿದ್ದು ಸಾ. ಮನೇಲಿ ಹೂ ಕಟ್ಟಿ ಅಭ್ಯಾಸ. ನಾರು ಬ್ಯಾಗಲ್ಲೇ ಇರ್ತದೆ.”

ಅವರು ಕಟ್ಟನ್ನು ಬಿಚ್ಚಲಿಲ್ಲ. ಪಕ್ಕದ ಇನ್ನೊಂದು ಹಿಡಿ ಕುಚ್ಚು ನನ್ನ ಮುಂದಿಟ್ಟು, “ಕಟ್ಟವ್ವ, ನೋಡಣ” ಎಂದರು. ಬ್ಯಾಗಿನಲ್ಲಿ ನಾರೆಲ್ಲಿ ಬರಬೇಕು? ನನ್ನ ಪುಣ್ಯವೋ ಪಾಪವೋ, ಮುಡಿದಿದ್ದ ಮಲ್ಲಿಗೆಯ ತುದಿಯಲ್ಲಿ ಒಂದು ಗೇಣು ನಾರು ಜೋತಾಡುತ್ತಿತ್ತು. ಕಿತ್ತು ಕಟ್ಟಿದೆ. ಚೆನ್ನಾಗಿಯೇ ಕಟ್ಟಿದೆ. ಸತ್ತೇಗಾಲದ ಹುಡುಗಿಗೆ ಹೂ ಕಟ್ಟಲು ಬಾರದೇ?

ಎರಡು ಕಟ್ಟನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ನೋಡಿದರು. “ನಿನ್ನ ಗಂಟು ಬಲಕ್ಕೆ ತಿರೀಕಂಡದೆ. ಇದು ಎಡಕ್ಕೆ. ಇದು ಎಡಚಿ ಕಟ್ಟಿರೋದು. ನಮ್ಮವ್ವ ಅಗರದಿಂದ ಯಳಂದೂರು ಬಸ್ಟ್ಯಾಂಡಿಗೆ ಊವ ತಂದು ಮಾರ್ತಿದ್ದೋಳು ಕಣವ್ವ. ಅವಳೂವೆ ಎಡಚಿನೇಯ.” ಆಮೇಲೆ ದನಿ ತಗ್ಗಿಸಿ, “ಎಲ್ಲವ್ಳೆ ಆಕೆ?” ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಾಗೆ ಕೇಳಿದ್ದಕ್ಕೆ ಅಳು ಬಂದುಬಿಟ್ಟಿತು. ಅಕ್ಕ ಎಡಚಿ ಎಂದು ಚಿಕ್ಕಂದಿನಲ್ಲಿ ನಾವೆಲ್ಲ ಅವಳನ್ನು ಎಷ್ಟು ಆಡಿಕೊಂಡಿದ್ದೆವು. ಎಲ್ಲ ಹೇಳಿಬಿಟ್ಟೆ.

ಅವತ್ತು ಮಧ್ಯಾಹ್ನವೇ ಸಾಹೇಬರೂ ನಾನೂ ಸತ್ತೇಗಾಲದ ಬಸ್ಸು ಹತ್ತಿದೆವು. ಬೀದಿಗೆ ಕಾಲಿಟ್ಟದ್ದೇ ತಡ, ನನ್ನ ಬಾಯಿಪಾಠ ಎಷ್ಟು ಗಟ್ಟಿಯೆಂದು ನನಗೇ ತಿಳಿಯಿತು. ಜಗಲಿಗಳೆಲ್ಲ ದಡಬಡನೆ ಖಾಲಿಯಾದವು. ಅಕ್ಕ ಕುಚ್ಚಿನ ರಾಶಿಯ ಮೇಲೆ ಅತ್ತೆಯ ಕಂಬಳಿ ಎಸೆದು, ಅದರ ಮೇಲೇ ಕೂತು, “ಊವ ಕಟ್ತಾ ಇವ್ನಿ” ಎಂದಳು. ಮನೆಯಲ್ಲಿ ಒಂದು ಹೂವಿನ ಎಸಳೂ ಇರಲಿಲ್ಲ.

“ಎದ್ದೇಳಕ್ಕ, ಅವ್ರಿಗೆ ಎಲ್ಲಾ ಗೊತ್ತಾಗ್ಬುಟ್ಟದೆ” ಎಂದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

“ಲೇ, ಒಡುಟ್ಟಿದೋಳಾಗಿ ನಮ್ಮ ಒಟ್ಟೆ ಮೇಲೆ ಒಡುದ್ಯಲ್ಲೇ!”

ಸಾಹೇಬರು ಜಗಲಿಯ ಅಂಚಿನಲ್ಲಿ ಕೂತರು. ಒಂದು ಕುಚ್ಚು ಎತ್ತಿಕೊಂಡು ಬೆರಳಲ್ಲಿ ಸವರಿದರು. “ಇದ ನಾನು ಬರೀಬೇಕಾಯ್ತದೆ ಕಣವ್ವ” ಎಂದರು.

“ಬರುದ್ರೆ ಕೆಲ್ಸ ಓಯ್ತದೆ.”

“ಬರೀದೆ ಇದ್ರೆ ನಿನ್ನ ಕೈಯೇ ಇಲ್ದಂಗಾಯ್ತದೆ. ಕಣ್ಣು ಮಂಜಾದ್ರೆ ಯಾರ್ನ ಕೇಳ್ತೀಯ? ಕೂಲಿ ಕಮ್ಮಿ ಆದ್ರೆ ಯಾರ್ನ ಕೇಳ್ತೀಯ?”

ಅಕ್ಕ ಬಿಡುವ ಪೈಕಿಯಲ್ಲ. “ನಿಮ್ ಬುಕ್ಕಲ್ಲಿ ನಾನಿಲ್ದೆ ಇದ್ರೆ ನಂಗೇನೂ ನಷ್ಟ ಇಲ್ಲ ಸಾ. ಈ ಕುಚ್ಚಿಲ್ದೆ ಇದ್ರೆ ನಷ್ಟ ಅದೆ. ನೀವು ದೊಡ್ಡೋರು, ಬರ್ದು ಬಸ್ ಅತ್ತಿ ಓಯ್ತೀರಿ. ನಾಳೀಕೆ ಇವ್ರೆಲ್ಲ ನನ್ ಮುಖ ನೋಡ್ತಾರೆ.”

ಸಾಹೇಬರು ಕುಚ್ಚನ್ನು ರಾಶಿಗೆ ಮರಳಿ ಇಟ್ಟು ಎದ್ದರು. ಬಸ್ಸಿನಲ್ಲಿ ಬರುವಾಗ ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡುತ್ತಿದ್ದರು. ಕೊಳ್ಳೇಗಾಲ ಬಂದ ಮೇಲೆ, “ಆಕೆ ಕೇಳಿದ್ದು ಸರ್ಯಾಗೇ ಅದೆ” ಎಂದರು, ಅಷ್ಟೇ.

ವರದಿ ಹೋಯಿತು. ಅಕ್ಕ ಹೇಳಿದಂತೆಯೇ ಆಯಿತು. ಮ್ಯಾನೇಜರು ಮರುದಿನವೇ ಸತ್ತೇಗಾಲದ ಕೆಲಸ ನಿಲ್ಲಿಸಿದರು. ಎರಡು ತಿಂಗಳು ಆ ಬೀದಿಯಲ್ಲಿ ಕುಚ್ಚಿಲ್ಲ. ಅಕ್ಕ ನನ್ನ ಫೋನ್ ಎತ್ತಲಿಲ್ಲ. ಗೌರಿ ಹಬ್ಬದ ಬಾಗಿನ ಕೊಡಲು ಹೋದರೆ ಶಾಲೆಗೆ ಹೋಗುವ ಅವಳ ಮಗಳು ಬಾಗಿಲಲ್ಲೇ ಇಸಿದುಕೊಂಡಳು. ಆ ಎರಡು ತಿಂಗಳು ನಾನು ಸಾಹೇಬರಿಗೆ ಹಾಕಿದ ಶಾಪ ತಟ್ಟಿದ್ದರೆ ಅವರು ಇವತ್ತು ರಿಟೈರಾಗಲು ಉಳಿಯುತ್ತಿರಲಿಲ್ಲ. ಕೊನೆಗೆ ತಡೆಯಲಾರದೆ ಫೋನ್ ಮಾಡಿ, “ನಿಮ್ಮ ಸತ್ಯ ನಮ್ಮಕ್ಕನ ಜಗಲಿ ಖಾಲಿ ಮಾಡ್ತು ಸಾ” ಎಂದು ಕೂಗಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡು, “ನಾನೂ ಅದ್ಕೇ ದಿನಾ ಮೇಲಿನೋರ ಕೂಟೆ ಕೂಗಾಡ್ತಾ ಇವ್ನಿ. ಇನ್ನೊಂದು ವಾರ ತಡಕೊ ಮಗಳೆ” ಎಂದರು.

ವಾರವಲ್ಲ, ಹತ್ತು ದಿನಕ್ಕೆ ಕಂಪನಿಯ ಪತ್ರ ಬಂತು. ಮ್ಯಾನೇಜರು ಮೂರು ಸಲ ಓದಿದರು, ಆಮೇಲೆ ನನ್ನ ಕೈಗೆ ಕೊಟ್ಟರು. ಗುಟ್ಟಾಗಿ ಕೆಲಸ ಮಾಡಿಸಿದ್ದು ತಪ್ಪು. ಆ ಹೆಂಗಸರನ್ನು ಕೈಬಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಅವರನ್ನು ಹೆಸರು ಬರೆದು ಮರಳಿ ತೆಗೆದುಕೊಂಡರೆ ಮಾತ್ರ ಮುಂದಿನ ಆರ್ಡರು. ನಡುವೆ ಗುತ್ತಿಗೆದಾರ ಬೇಡ, ಕೂಲಿ ನೇರ ಅವರಿಗೇ. ಅವರ ಬೀದಿಯಲ್ಲೇ ಬೆಳಕಿರುವ ಒಂದು ಶೆಡ್ಡು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಅಷ್ಟೂ ಆ ಕುಳ್ಳ ಮನುಷ್ಯ ಹಟ ಹಿಡಿದು ಬರೆಸಿದ್ದು. ಅವರ ಸಂಸ್ಥೆಯಲ್ಲಿ ಅಂಥ ವರದಿ ಬರೆಯುವ ವಾಡಿಕೆಯೇ ಇರಲಿಲ್ಲವಂತೆ. ‘ತಪ್ಪು ಕಂಡರೆ ತಪ್ಪು ಎಂದು ಬರೆ, ಊರು ಉದ್ಧಾರ ಮಾಡಲು ಹೋಗಬೇಡ’ ಎಂದು ಮೇಲಿನವರು ಗದರಿಸಿದ್ದರಂತೆ. ಅವರು ವಾಪಸ್ ಕಳಿಸಿದ ವರದಿಯನ್ನೇ ಇವರು ಮತ್ತೆ ಮತ್ತೆ ಕಳಿಸಿದ್ದಾರೆ. ನಾನು ಪತ್ರ ಹಿಡಿದುಕೊಂಡು ಹೊಲಿಗೆ ಸಾಲಿನ ನಡುವೆ ಓಡಿದೆ. ಮಿಷನ್ನುಗಳು ಒಂದೊಂದಾಗಿ ನಿಂತು, ಹೆಂಗಸರು ಎದ್ದು ಚಪ್ಪಾಳೆ ತಟ್ಟಿದರು. ಸತ್ತೇಗಾಲಕ್ಕೆ ಬಸ್ಸು ಕಾಯಲಿಲ್ಲ, ಆಟೋದಲ್ಲೇ ಹೋದೆ.

ಅಕ್ಕ ಪತ್ರ ಓದಿಸಿಕೊಂಡು, “ಅದಿನಾಕು ಜನಾನೂ ಅವ್ರಾ ಇದ್ರಲ್ಲಿ?” ಎಂದಳು. ನೀನು ಸೇರಿ ಹದಿನೈದು ಎಂದೆ. ಆಮೇಲೆ ನನಗೆ ಕಾಫಿ ಕೊಟ್ಟಳು.

ಆಮೇಲೆ ಶುರುವಾದದ್ದು ನನ್ನ ಶಿಕ್ಷೆ. ಒಂದು ಕುರ್ತಾದ ಹಿಂದೆ ಇರುವ ಕೈಗಳ ಪಟ್ಟಿ ಮಾಡು ಎಂದು ಸಾಹೇಬರು ನನಗೇ ಹಚ್ಚಿದರು. ಸ್ಕೂಟಿ ಹತ್ತಿ ಮೂರು ತಾಲ್ಲೂಕು ಸುತ್ತಿದೆ. ಹನೂರು ಕಡೆ ಅಜ್ಜೀಪುರದಲ್ಲಿ ರೇಷ್ಮೆಹುಳು ಸಾಕುವವನು ಹೆಸರು ಕೇಳಿದ್ದಕ್ಕೆ, “ಯಾಕವ್ವ, ಓಟಿನ ಪಟ್ಟಿಗಾ?” ಎಂದ. ಯಳಂದೂರಿನ ಕಡೆ ನೂಲು ತೆಗೆಯುವವರು ಬಿಸಿನೀರಿಗೆ ಸುಕ್ಕಾದ ಬೆರಳು ತೋರಿಸಿದರು. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಒಬ್ಬ ಮುದುಕರು ಮಗ್ಗದಿಂದ ಏಳದೆ, “ಈ ಮಗ್ಗ ನಮ್ಮಪ್ಪಂದು, ಅವನ ಎಸ್ರೂ ಬರ್ಕೊ” ಎಂದರು. ಬರೆದುಕೊಂಡೆ. ಹತ್ತು ವರ್ಷ ಅದೇ ಫ್ಯಾಕ್ಟರಿಯಲ್ಲಿದ್ದು ಒಂದು ಬಟ್ಟೆಗೆ ಇಷ್ಟು ಊರು ಬೇಕೆಂದು ನನಗೆ ಗೊತ್ತಿರಲಿಲ್ಲ. ಆ ಪಟ್ಟಿ ಈಗ ನಮ್ಮ ಗೇಟಿನ ಒಳಗೆ, ಮೊದಲು ಹೂಗುಚ್ಛ ಹಿಡಿದು ನಾನು ನಿಲ್ಲುತ್ತಿದ್ದ ಜಾಗದಲ್ಲೇ ಗೋಡೆಯ ಮೇಲಿದೆ.

ಕಂಪನಿಯವರು ಬಂದ ದಿನ ಸಾಹೇಬರು ಅವರ ಮುಂದೆ ರಾಶಿ ಕುರ್ತಾ ಸುರಿದು, “ಯಾವುದಾದ್ರೂ ಒಂದು ತಕಳಿ” ಎಂದರು. ಅವರು ಎತ್ತಿದ ಹಸಿರು ಕುರ್ತಾ ಹಿಡಿದು ಕುಚ್ಚಿನಿಂದ ಹಿಪ್ಪುನೇರಳೆ ಎಲೆಯವರೆಗೆ ಒಂದೊಂದೇ ಹೆಸರು ಹೇಳಿದವಳು ನಾನು. ಒಂದು ಕಡೆಯೂ ತಡವರಿಸಲಿಲ್ಲ. ಬಂದವರಲ್ಲಿ ಒಬ್ಬ ಹೆಂಗಸು ಬೆರಗಾಗಿ ನಿಂತಿದ್ದಳು. ಹಿಂದೆ ಸಾಹೇಬರು ಮೀಸೆಯಲ್ಲೇ ನಗುತ್ತಿದ್ದರು. ಆ ವರ್ಷ ಆರ್ಡರು ದುಪ್ಪಟ್ಟಾಯಿತು. ಈಗ ಪಕ್ಕದ ಫ್ಯಾಕ್ಟರಿಗಳವರು ಬಂದು ನಮ್ಮ ಗೋಡೆಯ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ರಿಟೈರಾದ ಮರುದಿನ ಅವರನ್ನು ಸತ್ತೇಗಾಲದ ಶೆಡ್ಡಿಗೆ ಕರೆದಿದ್ದೆವು. ಕಾರು ಕಳಿಸುತ್ತೇವೆ ಎಂದರೆ ಬೇಡವೆಂದರು, ಬಸ್ಸಿನಲ್ಲೇ ಬಂದರು. ನಾನು ಲೋಟದಲ್ಲಿ ಕಾಫಿ ಹಿಡಿದು ಮುಂದೆ ನಿಂತೆ. ಒಂದು ಗಳಿಗೆ ಲೋಟವನ್ನೇ ನೋಡಿ, “ತತ್ತಾ. ಇವತ್ನಿಂದ ನಾಲ್ಗೆ ನಂದೇಯ” ಎಂದು ಒಂದೇ ಗುಟುಕಿಗೆ ಅರ್ಧ ಕುಡಿದರು. ಮ್ಯಾನೇಜರು ಭಾಷಣ ಮಾಡಿದರು; ‘ಅಬ್ಬಾ’ ಎಂದಿದ್ದ ಬಾಯಲ್ಲೇ ‘ನಮ್ಮ ಗುರುಗಳು’ ಎಂದರು. ಅದೂ ನಿಜವೇ ಇರಬೇಕು, ಬರೆದು ತಂದಿದ್ದ ಚೀಟಿಯನ್ನು ನೋಡಲೇ ಇಲ್ಲ.

ಆಮೇಲೆ ಹಾರ. ಅಂಗಡಿಯದಲ್ಲ, ಶೆಡ್ಡಿನಲ್ಲೇ ಕಟ್ಟಿದ ಕನಕಾಂಬರ, ಮಲ್ಲಿಗೆ. ಬೀದಿಯ ಹಿರಿಯ ಹೆಂಗಸು ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಇವರು ಹಾರ ತೆಗೆದು, ಕನ್ನಡಕ ಏರಿಸಿ, ನಾರಿನ ಗಂಟನ್ನು ಬೆಳಕಿಗೆ ಹಿಡಿದು ನೋಡತೊಡಗಿದರು. ಹಾಳು ಅಭ್ಯಾಸ ಎಲ್ಲಿ ಹೋಗುತ್ತದೆ? ಒಂದು ಗಂಟು ನೋಡಿದರು, ಎರಡನೆಯದು ನೋಡಿದರು. ಎರಡೂ ಎಡಕ್ಕೆ ತಿರುಗಿದ್ದವು. ಅವರವ್ವನ ನೆನಪಾಯಿತೋ ಏನೋ. ಚಪ್ಪಾಳೆ ತಾನಾಗಿ ನಿಂತಿತು.

ಗೊತ್ತಿದ್ದೂ ಗೊತ್ತಿದ್ದೂ ಕೇಳಿದರು: “ಇದು ಯಾರ ಕೈ?”

ಮೂಲೆಯಲ್ಲಿ ಕೂತಿದ್ದ ಅಕ್ಕ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಿ, ಬೀದಿಯ ಕೊನೆಗೂ ಕೇಳುವಂತೆ ಹೇಳಿದಳು:

“ನಂದು ಸಾ. ಬರ್ಕಳಿ!”